ಗುಬ್ಬಿಗೆ ಪರಟಿ, ಆಕೆಗೆ ಬೊಗಸೆ

ಸಂಪಾದಕರಿಗೆ ನಮಸ್ಕಾರ.

ನಾನು ಕಲಬುರಗಿಯವನು. 31 ವರ್ಷ ಬಸ್ ಕಂಡಕ್ಟರ್ ಆಗಿ ದುಡಿದು ಈಗ ಮನೆಯಲ್ಲಿದ್ದೇನೆ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಹೋದ ವಾರ ಕಂಡದ್ದೊಂದು ಕಣ್ಣಮುಂದಿಂದ ಹೋಗುತ್ತಲೇ ಇಲ್ಲ. ಅದಕ್ಕೇ ಪೆನ್ನು ಹಿಡಿದಿದ್ದೇನೆ.

ನಮ್ಮ ಊರಿನ ಬಿಸಿಲು ನಿಮಗೆ ಗೊತ್ತಿರುವುದೇ. ಏಪ್ರಿಲ್ ಬಂತೆಂದರೆ 42, 43 ಡಿಗ್ರಿ. ನಮ್ಮ ಓಣಿಯ ಮೂಲೆಯಲ್ಲಿ ಬೇವಿನ ಮರದ ಕೆಳಗೆ ಈ ಸಲವೂ ಅರವಟ್ಟಿಗೆ ಇಟ್ಟಿದ್ದಾರೆ. ಮೂರು ಮಣ್ಣಿನ ಗಡಿಗೆ, ಮೇಲೆ ಒದ್ದೆ ಗೋಣಿಚೀಲ, ನಾಲ್ಕು ಸ್ಟೀಲ್ ಗ್ಲಾಸು. ಮರದ ಕೊಂಬೆಗೆ ತೆಂಗಿನ ಪರಟಿ ಕಟ್ಟಿ ಅದರಲ್ಲೂ ನೀರು ಹಾಕಿದ್ದಾರೆ. ಗುಬ್ಬಿಗಳು ಬಂದು ಅದರ ಅಂಚಿಗೆ ಕೂತು ಕುಡಿಯುತ್ತವೆ, ಒಮ್ಮೊಮ್ಮೆ ಒಳಗಿಳಿದು ರೆಕ್ಕೆ ಬಡಿದು ಮೈ ತೊಳೆಯುತ್ತವೆ. ನೋಡಲಿಕ್ಕೆ ಕಣ್ಣು ತಂಪಾಗುತ್ತದೆ. ದಿನಾ ಮಧ್ಯಾಹ್ನ ಸುಮ್ನೆ ಅಲ್ಲಿ ಹೋಗಿ ಕೂರುವುದು ನನ್ನ ರೂಢಿ.

ಅವತ್ತು ಒಂದು ಗಂಟೆ ಆಗಿರಬೇಕು. ಬೆಳಗಿನ ಜಾವದಿಂದ ನಮ್ಮ ಓಣಿ ಗುಡಿಸಿದ ಹೆಣ್ಣುಮಗಳು ಕಸಬರಿಗೆಯನ್ನು ಗೋಡೆಗೆ ಆನಿಸಿ ನೀರಿಗೆ ಬಂದಳು. ಗ್ಲಾಸಿಗೆ ಕೈ ಚಾಚಿದಳು. 'ಅದು ಬ್ಯಾಡವ್ವ, ಬೊಗಸಿ ಹಿಡಿ, ಹಾಕ್ತೀನಿ' ಎಂದ ಅಲ್ಲಿದ್ದ ಹುಡುಗ. ಗದರಲಿಲ್ಲ, ಮೆತ್ತಗೇ ಹೇಳಿದ. ಆಕೆಯೂ ಏನೂ ಕೇಳಲಿಲ್ಲ. ಬಗ್ಗಿ ಬೊಗಸೆ ಹಿಡಿದಳು. ಆತ ಮೇಲಿನಿಂದ ಸುರಿದ. ಬೆರಳ ಸಂದಿಯಿಂದ ಇಳಿದ ನೀರು ಮೊಣಕೈವರೆಗೂ ಹರಿದು ಬಳೆಯೆಲ್ಲ ತೊಯ್ದವು. ಅರ್ಧ ಬಾಯಿಗೆ ಹೋಯಿತು, ಅರ್ಧ ಮಣ್ಣಿಗೆ. ಸೆರಗಿನಿಂದ ಮುಖ ಒರೆಸಿಕೊಂಡು ಹೊರಟುಹೋದಳು. ಮೇಲೆ ಪರಟಿಯಲ್ಲಿ ಗುಬ್ಬಿ ಕೂತಿತ್ತು.

ನನ್ನ ಕೈಯಲ್ಲಿ ಅದೇ ಸ್ಟೀಲ್ ಗ್ಲಾಸು ಇತ್ತು. ನಾನೂ ಬಾಯಿ ತೆರೆಯಲಿಲ್ಲ. ಆ ಹೊತ್ತಿನಲ್ಲಿ ಸುಮ್ಮನಿದ್ದುದು ನನ್ನ ತಪ್ಪು. ಅದನ್ನು ಮೊದಲು ಒಪ್ಪಿಕೊಂಡೇ ಮುಂದಿನ ಮಾತು ಬರೆಯುತ್ತೇನೆ.

ಆ ಹುಡುಗ ಕೆಟ್ಟವನಲ್ಲ. ದಿನಾ ಬೆಳಗ್ಗೆ ಶರಣಬಸವೇಶ್ವರ ಗುಡಿಗೆ ಹೋಗಿ ವಿಭೂತಿ ಹಚ್ಚಿಕೊಂಡು ಬರುತ್ತಾನೆ. ಯಾರ ಹತ್ತಿರವೂ ಒಂದು ರೂಪಾಯಿ ಕೇಳದೆ, ತಾನೇ ಕೊಡ ಹೊತ್ತು ಗಡಿಗೆ ತುಂಬುತ್ತಾನೆ. ಪರಟಿ ಕಟ್ಟಿದವನೂ ಅವನೇ. ಅದು ಎಲ್ಲಿಂದ ಬಂದ ಬುದ್ಧಿ ಅಂತ ನನಗೆ ಗೊತ್ತು. ಆ ಗುಡಿಯ ಶರಣಬಸಪ್ಪನವರ ಹೊಲದ ಕಥೆ ಕೇಳದ ಮನೆ ನಮ್ಮ ಕಡೆ ಇಲ್ಲ. ಅರಳಗುಂಡಗಿಯಲ್ಲಿ ಜೋಳ ತೆನೆಗಟ್ಟಿದಾಗ ಹಕ್ಕಿ ಕಾಯಲು ಅವರನ್ನು ಕಳಿಸಿದರೆ, ಅವರು ಕವಣೆ ಬೀಸಲಿಲ್ಲ. ತಿನ್ನಲಿ ಅಂತ ಬಿಟ್ಟು, ಕುಡಿಯಲಿಕ್ಕೆ ನೀರನ್ನೂ ಇಟ್ಟರಂತೆ. ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ, ಅಲ್ವಾ? ಮುಂದೆ ಕಲಬುರಗಿಗೆ ಬಂದು ಅವರು ಮಾಡಿದ್ದು ದಾಸೋಹ. ಹಸಿದು ಬಂದವರಿಗೆಲ್ಲ ಅನ್ನ. ಹಕ್ಕಿಯ ಪಾಠವನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಮನುಷ್ಯರ ಪಾಠದ ಹತ್ತಿರ ಬಂದಾಗ ಕೈ ಹಿಂದೆ ಸರಿಯುತ್ತದೆ.

ನಾನು ಹೆಚ್ಚು ಓದಿದವನಲ್ಲ. ದೇವರ ವಿಷಯದಲ್ಲಿ ನನಗೆ ತಿಳಿದಷ್ಟು ಬಸ್ಸಿನಲ್ಲೇ ತಿಳಿದದ್ದು. ಜಾತ್ರೆ ಸ್ಪೆಷಲ್ ಡ್ಯೂಟಿ ಅಂದರೆ ಉಳಿದವರು ಬೇಡ ಅನ್ನುತ್ತಿದ್ದರು, ನಾನು ಕೇಳಿ ಹಾಕಿಸಿಕೊಳ್ಳುತ್ತಿದ್ದೆ. ಸುರಪುರ ತಾಲ್ಲೂಕಿನ ತಿಂಥಣಿಗೆ, ಕೃಷ್ಣಾ ದಂಡೆಯ ಮೌನೇಶ್ವರನ (ಮುಸ್ಲಿಮರಿಗೆ ಆತ ಮೌನ್ದೀನ್) ಜಾತ್ರೆಗೆ ಹೋಗುವ ಬಸ್ಸಿನಲ್ಲಿ ಒಂದೇ ಉಸಿರಿನಲ್ಲಿ ‘ಮೌನ್ದೀನ್’ ಅನ್ನುತ್ತಿದ್ದರು, ‘ಹರಹರ ಮಹಾದೇವ’ ಅನ್ನುತ್ತಿದ್ದರು. ಯಾರು ಹಿಂದೂ, ಯಾರು ಮುಸ್ಲಿಂ ಅಂತ ಕೂಗಿನಿಂದ ಗುರುತು ಹಿಡಿಯಲು ಆಗುತ್ತಿರಲಿಲ್ಲ.

ಬೀದರ್ ಹತ್ತಿರದ ಅಷ್ಟೂರಿನದು ಇನ್ನೂ ದೊಡ್ಡ ಸಂಗತಿ. ಕಲಬುರಗಿಯಿಂದ ಬೀದರ್‌ಗೆ ರಾಜಧಾನಿ ಒಯ್ದ ಬಹಮನಿ ಸುಲ್ತಾನ ಅಹ್ಮದ್ ಶಾ ಅಲ್ಲಿ ಮಲಗಿದ್ದಾನೆ. ಮುಸ್ಲಿಮರಿಗೆ ಆತ ವಲಿ, ಅಂದರೆ ಸಂತ; ಲಿಂಗಾಯತರಿಗೆ ಅಲ್ಲಮಪ್ರಭು. ಪ್ರತಿ ವರ್ಷ ಉರುಸಿಗೆ ನಮ್ಮ ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಭಕ್ತರ ಜೊತೆ ನಡೆದುಕೊಂಡೇ ಹೋಗುತ್ತಾರೆ. ಗೋರಿಯ ಮುಂದೆ ಶಂಖ ಊದಿ ಕಾಯಿ ಒಡೆಯುತ್ತಾರೆ. ಒಂದು ಸಲ ಡ್ಯೂಟಿ ಮುಗಿಸಿ ನಾನೂ ಒಳಗೆ ಹೋಗಿ ನಿಂತಿದ್ದೆ. ಆ ದೊಡ್ಡ ಗುಮ್ಮಟದೊಳಗೆ ಶಂಖದ ದನಿ ಸುತ್ತು ಹೊಡೆಯುವುದನ್ನು ಕೇಳಿದ ಮೇಲೆ, ದೇವರಿಗೆ ಗಡಿ ಹಾಕುವವರ ಮಾತು ನನಗೆ ಕಿವಿಗೆ ಹತ್ತುವುದೇ ಇಲ್ಲ.

ನಮ್ಮ ಊರಲ್ಲೇ ನೋಡಿ. ಸೂಫಿ ಸಂತ ಬಂದೇನವಾಜರು ತೀರಿಕೊಂಡದ್ದು 1422ರಲ್ಲಿ. ಶರಣಬಸಪ್ಪನವರು ಲಿಂಗೈಕ್ಯರಾದದ್ದು 1822ರಲ್ಲಿ. ನಡುವೆ ಸರಿಯಾಗಿ 400 ವರ್ಷ. ದರ್ಗಾಕ್ಕೆ ಹೋದವರೇ ಬರುವಾಗ ಗುಡಿಯ ಹತ್ತಿರ ಇಳಿದು ಕೈಮುಗಿಯುವುದನ್ನು ನಾನು ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ.

ಆದರೆ ಜಾಸ್ತಿ ನೆನಪಾಗುವುದು ಯಾದಗಿರಿ ಕಡೆಯ ಮೈಲಾಪುರದ ಒಂದು ಸಂಕ್ರಾಂತಿ. ಮೈಲಾರಲಿಂಗನ, ಮಂದಿಯ ಬಾಯಲ್ಲಿ ಮಲ್ಲಯ್ಯನ, ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವುದು ಅಲ್ಲಿನ ಹಳೆಯ ಹರಕೆ. ಜಿಲ್ಲಾಡಳಿತ ಅದನ್ನು ನಿಷೇಧಿಸಿ, ದಾರಿಯಲ್ಲಿ ಚೆಕ್‌ಪೋಸ್ಟ್ ಹಾಕಿ ಮರಿಗಳನ್ನು ತಡೆಯಲು ಶುರು ಮಾಡಿತ್ತು. ನನ್ನ ಬಸ್ಸಿಗೆ ಒಬ್ಬ ಮುದುಕಿ ಹತ್ತಿದಳು. ಮಡಿಲಲ್ಲಿ ಚೀಲ, ಮೇಲೆ ಟವೆಲ್. ಟಿಕೆಟ್ ಹರಿಯುವಾಗ ಟವೆಲ್ ಅಲುಗಾಡಿ ಎರಡು ಕಿವಿ ಹೊರಬಂದವು. ‘ಮೊಮ್ಮಗನ ಹರಕಿ ಅದ ಯಪ್ಪಾ, ಯಾರಿಗೂ ಹೇಳಬ್ಯಾಡ’ ಎಂದಳು. ದಾರಿಯುದ್ದಕ್ಕೂ ಆ ಮರಿ ಆಕೆಯ ಬೆರಳು ಚೀಪುತ್ತಿತ್ತು. ಆಕೆ ಇನ್ನೊಂದು ಕೈಯಿಂದ ಅದರ ಹಣೆ ಸವರುತ್ತಿದ್ದಳು, ಕೂಸಿಗೆ ಸವರಿದ ಹಾಗೆ. ಚೆಕ್‌ಪೋಸ್ಟ್ ಇನ್ನೂ ದೂರ ಇರುವಾಗಲೇ ಎದ್ದು ನಿಂತು, ಇಲ್ಲೇ ಇಳಿಸು ಎಂದಳು. ಸೀಟಿ ಊದಿ ಬಸ್ ನಿಲ್ಲಿಸಿದೆ. ಸಂಜೆ ವಾಪಸ್ ಬರುವಾಗ ಅದೇ ಜಾಗದಲ್ಲಿ, ಅದೇ ಮರದ ಕೆಳಗೆ ಮರಿ ಹಿಡಿದುಕೊಂಡು ಕೂತಿದ್ದಳು. ಜಾತ್ರೆಗೆ ಹೋಗಿರಲೇ ಇಲ್ಲ. ‘ದರ್ಶನ ಆಗಲಿಲ್ಲಲ್ಲ ಅವ್ವ’ ಎಂದೆ. ‘ಮಡ್ಲಾಗೇ ಆಗ್ಯಾದ ಯಪ್ಪಾ’ ಎಂದಳು.

ಅವತ್ತು ಮರಿಗೆ ಲಗೇಜ್ ಟಿಕೆಟ್ ಹರಿಯಲು ನನ್ನ ಕೈ ಬರಲಿಲ್ಲ. ಹಣ ನಾನೇ ಹಾಕಿದೆ.

ಓದು ಬರಹ ಇಲ್ಲದ ಆ ಮುದುಕಿಗೆ ಮಡಿಲಿನ ಮರಿಯಲ್ಲಿ ಮಲ್ಲಯ್ಯ ಕಂಡ. ನಮಗೆ, ಬೆಳಗಾದರೆ ಗುಡಿ ಸುತ್ತುವವರಿಗೆ, ಎದುರಿಗೆ ನಿಂತ ಹೆಣ್ಣುಮಗಳಲ್ಲಿ ಯಾಕೆ ಕಾಣುವುದಿಲ್ಲ? ಮೈಯೇ ಗುಡಿ ಅಂತ 12ನೇ ಶತಮಾನದಲ್ಲೇ ಶರಣರು ಹೇಳಿದ್ದು ಇಲ್ಲೇ ಪಕ್ಕದ ಬಸವಕಲ್ಯಾಣದಲ್ಲಿ. ಹಾಗಾದರೆ ಬೊಗಸೆ ಹಿಡಿದು ಬಗ್ಗಿದ್ದು ಗುಡಿಯಲ್ಲವೇ? ನಮ್ಮ ಓಣಿಯ ಕಸ ಬಳಿದ ಕೈ ಅದು. ಆ ಕಸ ನಮ್ಮದೇ ಮನೆಗಳದ್ದು.

ಮರುದಿನ ಹುಡುಗನ ಪಕ್ಕ ಕೂತು ಮಾತಾಡಿದೆ. ‘ನನಗೇನಿಲ್ಲ ಕಾಕಾ, ಆ ಗ್ಲಾಸಿನಾಗ ಆಮ್ಯಾಲ ಮಂದಿ ಕುಡಿಯಂಗಿಲ್ಲ’ ಎಂದ. ಇರಬಹುದು. ಹಾಗೆ ಕುಡಿಯದೆ ಹೋಗುವವರು ಹೋಗಲಿ, ಮುಂದಿನ ಬೀದಿಯಲ್ಲಿ ಬಾಟಲಿ ನೀರು ಸಿಗುತ್ತದೆ. ಬಾಯಾರಿದವರಿಗೆ ನೀರು ಕೊಡಲೆಂದು ಗಡಿಗೆ ಇಟ್ಟ ಮೇಲೆ, ಗ್ಲಾಸು ಎಲ್ಲರದೂ ಆಗಬೇಕು. ತೊಳೆಯಲು ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟರೆ ಸಾಕು. ಯಾರೇ ಕುಡಿದರೂ ತೊಳೆದಿಡಲಿ.

ಊರಲ್ಲಿ ಅರವಟ್ಟಿಗೆ ನಡೆಸುವ ಎಲ್ಲರನ್ನೂ ಕೈಮುಗಿದು ಕೇಳುತ್ತೇನೆ. ನಿಮ್ಮಲ್ಲಿ ಹೀಗೆ ಬೊಗಸೆ ಹಿಡಿಸುವುದಿದ್ದರೆ ನಾಳೆಯೇ ಬಿಡಿ.

ನಮ್ಮ ಓಣಿಯ ಹುಡುಗ ಇನ್ನೂ ಪೂರ್ತಿ ಒಪ್ಪಿಲ್ಲ. ಆದರೆ ಸೋಮವಾರದಿಂದ ಹನ್ನೊಂದರಿಂದ ಎರಡರವರೆಗೆ ಗಡಿಗೆ ಹತ್ತಿರ ನಾನೇ ಕೂರುತ್ತೇನೆ ಎಂದಾಗ ಬೇಡ ಅನ್ನಲಿಲ್ಲ. ಇವತ್ತು ಮೂರನೇ ದಿನ. ಮೊದಲ ದಿನ ಆಕೆಗೆ ಗ್ಲಾಸು ಕೊಟ್ಟಾಗ ತಗೊಳ್ಳದೆ ಹುಡುಗನ ಮುಖ ನೋಡಿದಳು. ನಿನ್ನೆ ತಗೊಂಡಳು, ನಿಂತೇ ಕುಡಿದಳು, ತಾನೇ ತೊಳೆದಿಟ್ಟಳು. ಎರಡು ಗಂಟೆಯ ಮೇಲೆ ಅಲ್ಲಿ ಕೂರಲು ಇನ್ನೊಬ್ಬರು ಬೇಕು. ಪುರಸೊತ್ತು ಇದ್ದವರು ಬೇವಿನ ಮರದ ಹತ್ತಿರ ಬನ್ನಿ.

— ಒಬ್ಬ ನಿವೃತ್ತ ಬಸ್ ಕಂಡಕ್ಟರ್, ಕಲಬುರಗಿ