ಕೊಟ್ಟಿಗೆಹಾರದ ಮೆಕ್ಯಾನಿಕ್ ಅಣ್ಣನಿಗೆ

ಭಾನುವಾರ ಸಂಜೆ ಚಾರ್ಮಾಡಿ ಹತ್ತುವಾಗ ನಮ್ಮ ಡೀಸೆಲ್ ಕಾರು ಎರಡನೇ ಗೇರಿನಲ್ಲೂ ಏದುಸಿರು ಬಿಡುತ್ತಿತ್ತು. ಹಿಂದೆ ಕಪ್ಪು ಹೊಗೆ, ಬಾನೆಟ್ಟಿನೊಳಗೆ ಬುಸ್ಸೆನ್ನುವ ಸದ್ದು. ಟರ್ಬೊ ಹೋಯ್ತು, 60,000 ಕೈಬಿಟ್ಟಿತು ಅಂದುಕೊಂಡೆ.

ಕೊಟ್ಟಿಗೆಹಾರ ಮುಟ್ಟಿದಾಗ ನೀವು ಶಟರ್ ಎಳೆಯುತ್ತಿದ್ದಿರಿ. ನನ್ನ ಮುಖ ನೋಡಿ ಮತ್ತೆ ಎತ್ತಿದಿರಿ. "ಆಕ್ಸಿಲರೇಟರ್ ಒತ್ತಿ ಸಾರ್" ಅಂದು, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಟರ್ಬೊದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರಿನ ಪೈಪಿನುದ್ದಕ್ಕೂ ಅಂಗೈ ಆಡಿಸಿದಿರಿ. ಎಣ್ಣೆ ಜಿನುಗಿದ್ದ ಕಡೆ ಕೈ ನಿಂತಿತು. "ಟರ್ಬೊ ಗಟ್ಟಿಯಾಗೇ ಇದೆ. ಅದು ಒತ್ತಿ ಕಳಿಸೋ ಗಾಳಿ ಎಂಜಿನ್ನಿಗೆ ಹೋಗದೆ ಇಲ್ಲೇ ಸೋರ್ತಿದೆ."

ಸೀಳಿದ ತುದಿ ಕತ್ತರಿಸಿ ಹೊಸ ಕ್ಲಿಪ್ ಬಿಗಿದಿರಿ. ಕ್ಲಿಪ್ಪಿನ ದುಡ್ಡು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಹಿಂದೆ ಮಲಗಿದ್ದ ಮಗಳಿಗೆ ಎಚ್ಚರವಾದೀತೆಂದು ಬಾನೆಟ್ಟನ್ನು ಮೆಲ್ಲಗೆ ಒತ್ತಿ ಮುಚ್ಚಿದಿರಿ. ಎಂಜಿನ್ ಅಬ್ಬರಕ್ಕೇ ಏಳದವಳು!

ಗಡಿಬಿಡಿಯಲ್ಲಿ ನಿಮ್ಮ ಹೆಸರು ಕೇಳಲಿಲ್ಲ. ಮೂಡಿಗೆರೆ ದಾರಿಯ ಮೊದಲ ಏರಿನಲ್ಲೇ ಟರ್ಬೊದ ಹಳೇ ಸಿಳ್ಳೆ ಕೇಳಿಸಿತು. ಥ್ಯಾಂಕ್ಸ್ ಅಣ್ಣಾ.