ಹಿತ್ತಿಲಲ್ಲೊಂದು ಪುಟ್ಟ ಮನೆ: ಮೊದಲು ಚೇಂಬರಿನ ಆಳ ನೋಡಿ

ಮಾನ್ಯ ಸಂಪಾದಕರೇ,

ಮನೆ ಇರುವ ನಿವೇಶನದಲ್ಲೇ ಇನ್ನೊಂದು ಪುಟ್ಟ ಮನೆ ಕಟ್ಟುವ ವಿಚಾರ ಬಂದಾಗಲೆಲ್ಲ ಮಾತು ಬಾಡಿಗೆಯ ಲೆಕ್ಕದಲ್ಲೇ ನಿಂತುಬಿಡುತ್ತದೆ. ಬಾಡಿಗೆ ಬರುತ್ತದೆ, ನಿಜ. ಆದರೆ ಕಟ್ಟಡದ ಕೆಲಸ ಬಲ್ಲ ನಮಗೆ ಅದಕ್ಕಿಂತ ದೊಡ್ಡದಾಗಿ ಕಾಣುವ ಲಾಭ ಬೇರೆ. ಸುಮಾರು 40 ಚದರ ಮೀಟರಿನ ಆ ಮನೆ ಕುಟುಂಬದ ಅಗತ್ಯ ಬದಲಾದಂತೆ ತಾನೂ ಬದಲಾಗುತ್ತದೆ. ಇವತ್ತು ಬಾಡಿಗೆದಾರರು ಇರಬಹುದು, ನಾಳೆ ಹೊಸದಾಗಿ ಸಂಸಾರ ಹೂಡಿದ ಮಕ್ಕಳು, ಮುಂದೊಂದು ದಿನ ವಯಸ್ಸಾದ ತಂದೆ-ತಾಯಿ. ಕೂಗಿದರೆ ಕೇಳುವಷ್ಟು ಹತ್ತಿರ, ಆದರೂ ಬಾಗಿಲು ಬೇರೆ, ಅಡುಗೆ ಬೇರೆ. ಜಾಗ ಕೊಳ್ಳುವ ಖರ್ಚಿಲ್ಲ. ರಸ್ತೆ, ನೀರು, ವಿದ್ಯುತ್, ಒಳಚರಂಡಿ ಎಲ್ಲವೂ ಗೇಟಿನವರೆಗೆ ಬಂದಿವೆ.

ಎಲ್ಲ ಬಂದಿದೆಯಲ್ಲ ಎಂಬ ಈ ನೆಮ್ಮದಿಯೇ ಅನೇಕ ಕಡೆ ಕೆಲಸ ಕೆಡಿಸುತ್ತದೆ. ನಕ್ಷೆ ಬರೆಸುವ ಮೊದಲು ಹಳೆ ಮನೆಯ ಕೊನೆಯ ಚೇಂಬರಿನ (ಚರಂಡಿ ಪೈಪನ್ನು ತಪಾಸಣೆ ಮಾಡಲು ಕಟ್ಟಿದ ಗುಂಡಿಯ) ಮುಚ್ಚಳ ತೆಗೆಸಿ, ಅದರ ತಳ ನೆಲಮಟ್ಟದಿಂದ ಎಷ್ಟು ಕೆಳಗಿದೆ ಎಂದು ಅಳೆಯಬೇಕು. ಶೌಚಾಲಯದ 110 ಮಿ.ಮೀ. ಪೈಪಿಗೆ 60ಕ್ಕೆ 1ರಷ್ಟು ವಾಟ, ಅಂದರೆ 60 ಸೆಂ.ಮೀ. ಉದ್ದಕ್ಕೆ 1 ಸೆಂ.ಮೀ. ಇಳಿಜಾರು, ಕೊಟ್ಟರೆ ಸುರಕ್ಷಿತ. ಹೊಸ ಮನೆಯಿಂದ ಚೇಂಬರಿಗೆ 18 ಮೀಟರ್ ದೂರವಿದ್ದರೆ ವಾಟಕ್ಕೇ 30 ಸೆಂ.ಮೀ. ಬೇಕು. ಪೈಪು ಹೊರಡುವ ಕಡೆ 45 ಸೆಂ.ಮೀ. ಆಳವೆಂದು ಹಿಡಿದರೆ ಚೇಂಬರಿನ ತಳ 75 ಸೆಂ.ಮೀ. ಕೆಳಗಿರಬೇಕು. ಅಲ್ಲಿ 60 ಸೆಂ.ಮೀ. ಮಾತ್ರ ಸಿಕ್ಕರೆ ಹೊಸ ಮನೆಯ ನೆಲವನ್ನು 15 ಸೆಂ.ಮೀ. ಎತ್ತರಿಸುವುದೇ ಸರಿಯಾದ ದಾರಿ. ಅವಸರದಲ್ಲಿ ಆಗುವುದೇ ಬೇರೆ: ಪೈಪನ್ನೇ ಚಪ್ಪಟೆಯಾಗಿ ಹಾಸಿ ಮಣ್ಣು ಮುಚ್ಚಿಬಿಡುತ್ತಾರೆ. ನೀರು ಹರಿದುಹೋಗುತ್ತದೆ, ಗಟ್ಟಿ ಪದಾರ್ಥ ಉಳಿಯುತ್ತದೆ, ಪೈಪು ಪದೇಪದೇ ಕಟ್ಟಿಕೊಳ್ಳುತ್ತದೆ. ಹಿತ್ತಿಲು ತಗ್ಗಿನಲ್ಲಿದ್ದರೆ ಇನ್ನೂ ಕಷ್ಟ. ಮುಖ್ಯ ಚರಂಡಿ ಲೈನು ಕಟ್ಟಿಕೊಂಡ ದಿನ ಎರಡೂ ಮನೆಯ ಕೊಳಚೆ ಮೇಲೆದ್ದು ಬರುವುದು ಅತಿ ತಗ್ಗಿನ ಬಾಯಿಯಿಂದ, ಅಂದರೆ ಹೊಸ ಬಚ್ಚಲಿನ ನೆಲದ ಜಾಲರಿಯಿಂದ. ಅದಕ್ಕೇ ಹೊರಗಿನ ಗಲ್ಲಿ ಟ್ರ್ಯಾಪ್‌ನ (ಬಚ್ಚಲ ನೀರು ಚರಂಡಿಗೆ ಸೇರುವ ಮುನ್ನ ಹಾಯುವ ಜಾಲರಿ ಮುಚ್ಚಿದ ಗುಂಡಿಯ) ಬಾಯಿ ಒಳಗಿನ ನೆಲಕ್ಕಿಂತ ಕೆಳಗಿರಬೇಕು. ಉಕ್ಕಿದರೆ ಅಂಗಳದಲ್ಲಿ ಉಕ್ಕಲಿ. ಪೈಪು ದಿಕ್ಕು ಬದಲಿಸುವ ಪ್ರತಿ ಕಡೆ ಚೇಂಬರ್ ಕಟ್ಟಿ, ಮಣ್ಣಿನೊಳಗೆ 90 ಡಿಗ್ರಿ ಎಲ್ಬೋ ಹೂಳಬೇಡಿ.

ಚರಂಡಿಯ ಲೆಕ್ಕ ಪ್ಲಿಂತನ್ನು, ಅಂದರೆ ಮನೆಯ ನೆಲಗಟ್ಟನ್ನು, ಮೇಲಕ್ಕೆತ್ತಿದರೆ ವಯಸ್ಸಾದವರ ಗಾಲಿಕುರ್ಚಿ ಅದನ್ನು ಕೆಳಗೇ ಇಡಿ ಎನ್ನುತ್ತದೆ. ರ್‍ಯಾಂಪಿಗೆ 12ಕ್ಕೆ 1ಕ್ಕಿಂತ ಕಡಿದಾದ ಇಳಿಜಾರು ಬೇಡ. 45 ಸೆಂ.ಮೀ. ಎತ್ತರದ ಪ್ಲಿಂತಿಗೆ 5.4 ಮೀಟರ್ ರ್‍ಯಾಂಪ್ ಆಯಿತು. ಅಷ್ಟು ಜಾಗ ಉಳಿದಿದೆಯೇ ಎಂದು ಕಾಗದದ ಮೇಲೇ ನೋಡಿಕೊಳ್ಳಬೇಕು, ಮನೆ ಎದ್ದ ಮೇಲಲ್ಲ. ಬಾಗಿಲುಗಳಿಗೆ 90 ಸೆಂ.ಮೀ. ತೆರವು, ಬಚ್ಚಲಿನಲ್ಲಿ ಕುರ್ಚಿ ತಿರುಗಲು 1.5 ಮೀಟರ್ ವ್ಯಾಸದ ಜಾಗ ಬಿಡಿ. ಬಚ್ಚಲ ಬಾಗಿಲು ಹೊರಕ್ಕೇ ತೆರೆಯಬೇಕು, ಇಲ್ಲವೇ ಜಾರುಬಾಗಿಲಾಗಿರಬೇಕು. ಒಳಗೆ ಬಿದ್ದವರ ಮೈ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗದು. ಟೊಳ್ಳು ಬ್ಲಾಕಿನ ಗೋಡೆಯಾದರೆ ಹಿಡಿದು ಏಳುವ ಹಿಡಿಕೆ ಕೂರಿಸುವ ಜಾಗದ ಬ್ಲಾಕುಗಳಿಗೆ ಕಟ್ಟುವಾಗಲೇ ಕಾಂಕ್ರೀಟ್ ತುಂಬಿಸಿ. ಆಮೇಲೆ ಹೊಡೆದ ಬೋಲ್ಟು ಭಾರ ಬಿದ್ದಾಗ ಕಿತ್ತು ಬರುತ್ತದೆ.

ಹಳೆ ಗೋಡೆಗೆ ಹೊಸ ಗೋಡೆಯನ್ನು ಬೆಸೆದು ಒಂದು ಗೋಡೆಯ ಖರ್ಚು ಉಳಿಸುವ ಆಸೆಯನ್ನು ಬಿಡುವುದೇ ಒಳ್ಳೆಯದು. ಹಳೆ ಮನೆ ತನ್ನ ಭಾರಕ್ಕೆ ಮಣ್ಣಿನಲ್ಲಿ ಆಗಲೇ ಕೊಂಚ ಇಳಿದು ನೆಲೆ ನಿಂತಿದೆ, ಹೊಸದು ಇನ್ನು ಇಳಿಯಬೇಕಿದೆ. ಬೆಸುಗೆಯ ಕಡೆ ಬಿರುಕು ಬರುತ್ತದೆ. ಹಳೆ ಪಾಯದ ಪಕ್ಕದಲ್ಲೇ ಅದಕ್ಕಿಂತ ಆಳವಾಗಿ ಅಗೆದರೆ ಪಾಯದಡಿಯ ಮಣ್ಣೇ ಜಾರುತ್ತದೆ. ಆಳವಾಗಿ ಅಗೆಯಲೇಬೇಕಾದರೆ ಹಳೆ ಪಾಯದ ತಳದಂಚಿನಿಂದ 45 ಡಿಗ್ರಿಯಲ್ಲಿ ಕೆಳಗಿಳಿಯುವ ಗೆರೆಯ ಆಚೆಯೇ ಗುಂಡಿ ಇರಲಿ; ಸಡಿಲ ಮಣ್ಣಾದರೆ ಇನ್ನೂ ದೂರ. ಮಳೆನೀರನ್ನೂ ಮರೆಯಬಾರದು. 40 ಚದರ ಮೀಟರ್ ಚಾವಣಿಯ ಮೇಲೆ 50 ಮಿ.ಮೀ. ಮಳೆ ಬಿದ್ದರೆ 2,000 ಲೀಟರ್ ನೀರು. ಚಾವಣಿಯಂಚಿನ ನೀರು ಹಿಡಿದು ಒಯ್ಯುವ ದೋಣಿಪೈಪು ಇಲ್ಲದಿದ್ದರೆ ಅದು ಎರಡು ಮನೆಗಳ ನಡುವಿನ ಓಣಿಗೆ, ಅಲ್ಲಿಂದ ಹಳೆ ಪಾಯಕ್ಕೆ ಇಳಿಯುತ್ತದೆ.

ವಿದ್ಯುತ್ತಿಗೆ ಹಳೆ ಮನೆಯ ಪ್ಲಗ್ಗಿನಿಂದ ವೈರು ಎಳೆಯಬೇಡಿ. 230 ವೋಲ್ಟಿನ ಲೈನಿನಲ್ಲಿ 30 ಮೀಟರ್ ದೂರಕ್ಕೆ 25 ಆಂಪಿಯರ್ ಹರಿದಾಗ 2.5 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 10 ವೋಲ್ಟಿಗೂ ಹೆಚ್ಚು ನಷ್ಟವಾಗಿ ತಂತಿ ಬಿಸಿಯಾಗುತ್ತದೆ. 6 ಚದರ ಮಿ.ಮೀ. ಆದರೆ ಆ ನಷ್ಟ ಸುಮಾರು 5 ವೋಲ್ಟ್. ಹೊಸ ಮನೆಗೆ ತನ್ನದೇ ಬೋರ್ಡು, ತನ್ನದೇ 30 ಮಿಲಿಆಂಪಿಯರ್ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಲೈನು ಕಡಿಯುವ ಸ್ವಿಚ್) ಇರಲಿ. ನೀರಿಗೂ ಬೇರೆ ವಾಲ್ವು, ಬೇರೆ ಮೀಟರ್.

ಅನುಮತಿಯಿಲ್ಲದೆ ಕಟ್ಟಿದ ಮನೆ ಮಾರುವಾಗ, ಸಾಲ ಕೇಳುವಾಗ, ವಿಮೆಯ ಹಣ ಕೇಳುವಾಗ ಕುತ್ತಿಗೆಗೆ ಬರುತ್ತದೆ. ಸುತ್ತ ಬಿಡಬೇಕಾದ ಜಾಗ ಬಿಟ್ಟ ಮೇಲೆ ಹಳೆ ಮನೆಯ ಮಲಗುವ ಕೋಣೆಯ ಕಿಟಕಿಗೆ ಬೆಳಕೇ ಉಳಿಯುವುದಿಲ್ಲವೆಂದಾದರೆ ಕಟ್ಟದಿರುವುದೇ ಲೇಸು. ನಕ್ಷೆಗೆ ಒಪ್ಪಿಗೆ ಕೊಡುವ ಸ್ಥಳೀಯ ಸಂಸ್ಥೆಗಳಲ್ಲಿ ನಮ್ಮದೊಂದು ಕೋರಿಕೆ: ಎರಡನೇ ಮನೆಯ ಅರ್ಜಿಯ ಜೊತೆ ಹೊಸ ಬಚ್ಚಲಿನಿಂದ ರಸ್ತೆಯ ಚೇಂಬರಿನವರೆಗಿನ ಚರಂಡಿಯ ಮಟ್ಟಗಳನ್ನು ತೋರಿಸುವ ಒಂದು ಹಾಳೆಯನ್ನು ಕಡ್ಡಾಯ ಮಾಡಿ.

— ಕಟ್ಟಡ ನಿರ್ಮಾಣ ಕ್ಷೇತ್ರದ ಎಂಜಿನಿಯರುಗಳು