.22 ಬೋಲ್ಟ್ ಆಕ್ಷನ್ ರೈಫಲ್ ಕೊಳ್ಳುವವರಿಗೆ

ಗೆಳೆಯರೇ, ಗುರಿ ಅಭ್ಯಾಸಕ್ಕೆ ಮೊದಲ ರೈಫಲ್ ಹುಡುಕುತ್ತಿದ್ದರೆ .22 ಎಲ್‌ಆರ್ (ಲಾಂಗ್ ರೈಫಲ್ ಎಂಬ ಸಣ್ಣ ಗುಂಡಿನದು) ತೆಗೆದುಕೊಳ್ಳಿ. ಒದೆತ ಬಹಳ ಕಡಿಮೆ, 50 ಮೀಟರ್ ಗುರಿಗೆ ಧಾರಾಳವಾಗಿ ಸಾಕು.

ಬ್ರ್ಯಾಂಡ್ ಆಮೇಲೆ, ಮೊದಲು ಅಳತೆ ನೋಡಿ. ಬೋಲ್ಟ್ (ಪ್ರತಿ ಗುಂಡಿಗೂ ಕೈಯಿಂದ ಎಳೆದು ತಳ್ಳುವ ಭಾಗ) ತೆರೆದು ಚೇಂಬರ್ (ಗುಂಡು ಕೂರುವ ಜಾಗ) ಖಾಲಿ ಇದೆಯಾ ಅಂತ ನೀವೇ ಪರೀಕ್ಷಿಸಿ, ಹೆಗಲಿಗೆ ಇಟ್ಟುಕೊಳ್ಳಿ. ಕಣ್ಣು ಮುಚ್ಚಿ ಕೆನ್ನೆಯನ್ನು ಸ್ಟಾಕ್ (ಹೆಗಲಿಗೆ ಒತ್ತುವ ಹಿಂಭಾಗ) ಮೇಲಿಡಿ. ಕಣ್ಣು ತೆರೆದಾಗ ಸ್ಕೋಪ್‌ನ ಪೂರ್ತಿ ವೃತ್ತ ಕಾಣಬೇಕು. ಕತ್ತು ಚಾಚಬೇಕಾಗಿ ಬಂದರೆ ಆ ಸ್ಟಾಕ್ ನಿಮಗಲ್ಲ. ಎಡಗೈಯವರು ಎಡಗೈ ಬೋಲ್ಟನ್ನೇ ಕೇಳಿ, ಸುಮ್ನೆ ಹೊಂದಿಕೊಳ್ಳಬೇಡಿ.

ಟ್ರಿಗರ್ ಬಿಗಿ ಹೊಂದಿಸಲು ಬರುವಂಥದ್ದೇ ಇರಲಿ. ಗುಂಡಿಲ್ಲದೆ ಖಾಲಿ ಹೊಡೆಯುವ ಮುನ್ನ ಅಂಗಡಿಯವರನ್ನು ಕೇಳಿ, ಕೆಲವು ರಿಮ್‌ಫೈರ್‌ಗಳಲ್ಲಿ (.22 ಎಲ್‌ಆರ್‌ನಂತೆ ಗುಂಡಿನ ಅಂಚಿಗೆ ಬಡಿದು ಹಾರಿಸುವಂಥವು) ಬಡಿಯುವ ಪಿನ್ ಚೇಂಬರ್ ಅಂಚಿಗೆ ಬಡಿದು ಹಾಳಾಗುತ್ತದೆ.

ಕೊಂಡ ಮೇಲೆ ಮೂರ್ನಾಲ್ಕು ಬಗೆಯ ಗುಂಡು ಹಾಕಿ ನೋಡಿ. ಒಂದೇ ಮಾದರಿಯ ಎರಡು ಬ್ಯಾರೆಲ್‌ಗಳಿಗೂ ಒಂದೇ ಗುಂಡು ಒಗ್ಗುತ್ತದೆ ಅಂತಿಲ್ಲ. ಲೈಸೆನ್ಸ್ ಕೈಗೆ ಬರುವವರೆಗೆ ಮುಂಗಡ ಕೂಡ ಕೊಡಬೇಡಿ.